ಪಾನಾ ಕೆಳಗಿಟ್ಟು ಜಾಬ್ ಕಾರ್ಡ್ ಹಿಡಿಯಲೇ?

ವೃತ್ತಿ ಸಮಾಲೋಚನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಗದಗ ತಾಲ್ಲೂಕಿನ ಒಂದು ಹಳ್ಳಿಯವನು, ವಯಸ್ಸು 28. ಐಟಿಐನಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಟ್ರೇಡಿನ ಎರಡು ವರ್ಷ ಮುಗಿಸಿ, 7 ವರ್ಷಗಳಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ಕಾರು ಡೀಲರೊಬ್ಬರ ವರ್ಕ್‌ಶಾಪಿನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಎಂಜಿನ್, ಸಸ್ಪೆನ್ಷನ್, ಸ್ಕ್ಯಾನರ್ ಹಚ್ಚಿ ದೋಷ ಹುಡುಕುವುದು, ಇವೆಲ್ಲ ಕೈಗೆ ಹತ್ತಿವೆ. ಓವರ್‌ಟೈಮ್ ಸೇರಿ ತಿಂಗಳಿಗೆ ಸುಮಾರು 17,500 ರೂಪಾಯಿ ಕೈಗೆ ಬರುತ್ತದೆ. ಹೋದ ತಿಂಗಳು ನಮ್ಮ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು, ಸರ್ವಿಸ್ ಅಡ್ವೈಸರ್ ಹುದ್ದೆ ಖಾಲಿ ಇದೆ, ಬರುತ್ತೀಯಾ ಎಂದು ಕೇಳಿದರು. ಒಟ್ಟು ಸಂಬಳ 19,000 ರೂಪಾಯಿ; ಚೆನ್ನಾಗಿ ಮಾಡಿದರೆ ಇನ್ಸೆಂಟಿವ್ ಎಂದು ಇನ್ನೂ 6,000ದವರೆಗೆ ಸಿಗಬಹುದಂತೆ. ಅಪ್ಪನಿಗೆ ಇದು ಬಹಳ ಹಿಡಿಸಿದೆ. ಅಂಗಿಗೆ ಆಯಿಲ್ ಹತ್ತದ ಟೇಬಲ್ ಕೆಲಸ, ಕನ್ಯೆ ನೋಡುವಾಗಲೂ ಅನುಕೂಲ ಎನ್ನುತ್ತಾರೆ. ಜೊತೆಯ ಹುಡುಗರು ಮಾತ್ರ ಅಲ್ಲಿ ಹೋದರೆ ಬೆಳಗಿನಿಂದ ಸಂಜೆಯವರೆಗೆ ಸುಳ್ಳು ಹೇಳಬೇಕು, ಬೇಡದ ಕೆಲಸವನ್ನು ಗಿರಾಕಿಯ ತಲೆಗೆ ಕಟ್ಟಬೇಕು ಎಂದು ಹೆದರಿಸುತ್ತಾರೆ. ನನಗೆ ಇಂಗ್ಲಿಷ್ ಮಾತು ಸರಿಯಾಗಿ ಬರುವುದಿಲ್ಲ. ಗದುಗಿನ ಮುಳಗುಂದ ನಾಕಾ ಕಡೆ ಇಬ್ಬರೂ ಸೇರಿ ಗ್ಯಾರೇಜ್ ಹಾಕೋಣ ಎಂದು ಗೆಳೆಯನೊಬ್ಬ ಕರೆಯುತ್ತಿದ್ದಾನೆ. ನಾನು ಏನು ಮಾಡಲಿ? (ಹೆಸರು ಬೇಡ, ಗದಗ ಜಿಲ್ಲೆ)

ಉತ್ತರ: ಹುದ್ದೆಯನ್ನು ಒಪ್ಪಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಆದರೆ ಬಾಯಿಮಾತಿನಲ್ಲಿ ಹೇಳಿದ ಷರತ್ತುಗಳ ಮೇಲೆ ಬೇಡ. ನಿಮ್ಮ ತಂದೆಯವರು ಹೇಳುವ ಕಾರಣಕ್ಕಾಗಿಯಂತೂ ಬೇಡವೇ ಬೇಡ. ಇದನ್ನು ಟೇಬಲ್ ಕೆಲಸ ಎಂದು ನಂಬಿ ಬಂದವರು ಮೂರನೆಯ ತಿಂಗಳಿಗೆ ರಾಜೀನಾಮೆ ಬರೆದು ಕೊಟ್ಟದ್ದನ್ನು ನಾನು ಬಹಳ ಕಂಡಿದ್ದೇನೆ. ಹುಬ್ಬಳ್ಳಿಯ ವರ್ಕ್‌ಶಾಪುಗಳಲ್ಲಿ ಅಡ್ವೈಸರ್ ಆಗಿ, ಮುಂದೆ ಸರ್ವಿಸ್ ಮ್ಯಾನೇಜರ್ ಆಗಿ ಸಾಕಷ್ಟು ವರ್ಷ ಕಳೆದವನಾದ್ದರಿಂದ, ಆ ಟೇಬಲ್ಲಿನ ಹಿಂದೆ ಕುರ್ಚಿ ಇರುತ್ತದೆಯೇ ಹೊರತು ಅದರಲ್ಲಿ ಕೂಡುವ ಪುರುಸೊತ್ತು ಇರುವುದಿಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ.

ಬೆಳಿಗ್ಗೆ 9ರಿಂದ 11ರವರೆಗೆ ಗಾಡಿಗಳು ಒಂದರ ಹಿಂದೆ ಒಂದು ಬರುತ್ತವೆ. ಪ್ರತಿಯೊಂದು ಗಾಡಿಯ ಸುತ್ತ ಒಡೆಯನ ಜೊತೆಗೇ ಒಂದು ಸುತ್ತು ಹಾಕಿ, ಎಲ್ಲಿ ಗೀರಿದೆ, ಎಲ್ಲಿ ತಗ್ಗು ಬಿದ್ದಿದೆ, ಮೀಟರ್ ಎಷ್ಟು ಓಡಿದೆ, ಟ್ಯಾಂಕಿನಲ್ಲಿ ಎಷ್ಟು ಇಂಧನ ಇದೆ, ಒಳಗೆ ಏನೇನು ಸಾಮಾನು ಬಿಟ್ಟಿದ್ದಾರೆ ಎಂಬುದನ್ನೆಲ್ಲ ಬರೆದುಕೊಂಡು, ದೂರು ಕೇಳಿಕೊಂಡು, ಅಂದಾಜು ಖರ್ಚು ಹೇಳಿ, ಸಹಿ ಪಡೆದು, ಎಷ್ಟು ಗಂಟೆಗೆ ಗಾಡಿ ಸಿಗುತ್ತದೆಂದು ಮಾತು ಕೊಡಬೇಕು. ಆ ಮಾತನ್ನು ಉಳಿಸುವವರು ನೀವಲ್ಲ. ಫ್ಲೋರಿನಲ್ಲಿರುವ ಹುಡುಗರು, ಸ್ಪೇರ್ಸ್ ಕೌಂಟರಿನವರು ಮತ್ತು ವಾಷಿಂಗ್ ಬೇ. ಮಧ್ಯಾಹ್ನವೆಲ್ಲ ನೀವು ಈ ಮೂರರ ನಡುವೆ ತಿರುಗುತ್ತಿರುತ್ತೀರಿ. ಬೇಕಾದ ಭಾಗ ಇಲ್ಲಿ ಸ್ಟಾಕಿನಲ್ಲಿಲ್ಲ, ಬೇರೆ ಊರಿನ ಡಿಪೋದಿಂದ ಬರಬೇಕು ಎಂದು ಗೊತ್ತಾಗುವುದು ಸಾಮಾನ್ಯವಾಗಿ ಗಿರಾಕಿ ಗಾಡಿ ಒಯ್ಯಲು ಹೊರಟು ನಿಂತಾಗಲೇ. ಸಂಜೆ 5ರ ಮೇಲೆ ಬೆಳಗಿನ ಅಷ್ಟೂ ಮಂದಿ ಒಟ್ಟಿಗೇ ಮರಳಿ ಬರುತ್ತಾರೆ. ನಮ್ಮ ಭಾಗದಲ್ಲಿ ವಿಜಯದಶಮಿಗೆ ಮತ್ತು ದೀಪಾವಳಿಯ ಪಾಡ್ಯಕ್ಕೆ ಗಾಡಿ ಮನೆಗೆ ತರುವ ರೂಢಿ ಇರುವುದರಿಂದ, ಸಾಮಾನ್ಯವಾಗಿ ಒಂದು ತಿಂಗಳು ಅಥವಾ 1,000 ಕಿ.ಮೀ.ಗೆ ಬರುವ ಮೊದಲ ಸರ್ವಿಸಿನ ಗದ್ದಲ ಹಬ್ಬ ಮುಗಿದ ಮೇಲಿನ ವಾರಗಳಲ್ಲಿ ಕೂಡುತ್ತದೆ. ಆಗ ಪ್ರತಿ ಎರಡನೆಯ ಗಿರಾಕಿಯ ಮೊದಲ ಜಗಳ ಒಂದೇ ಆಗಿರುತ್ತದೆ: ಗಾಡಿ ಮಾರುವಾಗ ಫ್ರೀ ಸರ್ವಿಸ್ ಎಂದಿದ್ದಿರಿ, ಈಗ ಬಿಲ್ ಯಾಕೆ? ಫ್ರೀ ಎಂದರೆ ಕೂಲಿ ಮಾತ್ರ ಫ್ರೀ, ಆಯಿಲ್ ಮತ್ತು ಫಿಲ್ಟರಿಗೆ ಹಣ ಕೊಡಬೇಕು ಎಂಬುದನ್ನು ಮಾರಾಟದವರು ಹೇಳದೆ ಬಿಟ್ಟದ್ದನ್ನು ನೀವು ಹೇಳಬೇಕಾಗುತ್ತದೆ.

ಇಷ್ಟಾಗಿಯೂ ಒಪ್ಪಿಕೊಳ್ಳಿ ಎಂದು ಹೇಳುವುದಕ್ಕೆ ಕಾರಣ ಬೆಳಿಗ್ಗೆ ಈ ವಿವರ, ದೂರು ಎಲ್ಲವನ್ನೂ ಬರೆದುಕೊಳ್ಳುವ ಜಾಬ್ ಕಾರ್ಡ್ ಎಂಬ ಹಾಳೆಯಲ್ಲಿದೆ. ಈಗ ಅದು ಹಾಳೆಯಲ್ಲ, ಕಂಪ್ಯೂಟರಿನ ಅಥವಾ ಟ್ಯಾಬಿನ ಪರದೆ. ಆದರೂ ಅದರಲ್ಲಿ ಬರೆದ ಎರಡು ಸಾಲಿನ ಮೇಲೆಯೇ ಇಡೀ ದಿನದ ಕೆಲಸ ನಿಂತಿರುತ್ತದೆ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಅಂಕೋಲಾದಲ್ಲಿ ಬೀಗರ ಮನೆ ಇದ್ದ ಮೇಷ್ಟ್ರೊಬ್ಬರು ಗಾಡಿ ತಂದು, "ಅರಬೈಲ ಘಟ್ಟ ಇಳಿಯೋವಾಗ ಬ್ರೇಕ್ ಪೆಡಲ್ ಮೆತ್ತಗ ಆಗ್ತೈತ್ರಿ, ಕೆಳಗ ಹೋಗಿ ಚಾ ಕುಡುದು ಬರೂದ್ರಾಗ ಮತ್ತ ಗಟ್ಟಿ ಆಗಿರ್ತೈತ್ರಿ" ಎಂದರು. ನನ್ನ ಹಿಂದೆ ಇನ್ನೂ ಎಂಟು ಮಂದಿ ನಿಂತಿದ್ದರು. ನಾನು ಜಾಬ್ ಕಾರ್ಡಿನಲ್ಲಿ "ಬ್ರೇಕ್ ಚೆಕ್" ಎಂದು ಎರಡೇ ಶಬ್ದ ಬರೆದೆ. ಟೆಕ್ನಿಷಿಯನ್ ಗಾಡಿಯನ್ನು ಗೋಕುಲ ರಸ್ತೆಯಲ್ಲಿ ಓಡಿಸಿ ನೋಡಿದ, ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಪ್ಯಾಡ್ ಬಿಚ್ಚಿ ಸ್ವಚ್ಛ ಮಾಡಿ, ಹಿಂದಿನ ಡ್ರಮ್ ಹೊಂದಿಸಿ ಕೊಟ್ಟ. ನಾನು ಬಿಲ್ ಮಾಡಿದೆ. ಮುಂದಿನ ಸಲ ಅದೇ ಘಟ್ಟದಲ್ಲಿ ಅದೇ ಪೆಡಲ್ ಮತ್ತೆ ಕೆಳಗೆ ಇಳಿಯಿತು. ಪುಣ್ಯಕ್ಕೆ ಗೇರಿನಲ್ಲಿ ತಡೆದು ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದರು. ಅವರು ಬಂದು ಒಂದು ಮಾತೂ ಆಡದೆ ಕೀಲಿಕೈಯನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟರು. ಬೈದಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿರಲಿಲ್ಲ.

ಕಾರಣ ನಿಮಗೆ ಗೊತ್ತೇ ಇರುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಸೇರಿದ ಮೇಲೆ ಆ ಮಾನದಂಡ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155. ಹುಬ್ಬಳ್ಳಿಯ ಸಪಾಟು ರಸ್ತೆಯಲ್ಲಿ ಆ ಕಾವು ಹುಟ್ಟುವುದೇ ಇಲ್ಲ. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಬ್ರೇಕ್ ಮೇಲೆ ಬ್ರೇಕ್ ಒತ್ತಿ ಕಾವು ಏರಿದಾಗ ಆಯಿಲ್ ಕುದ್ದು ಆವಿಯಾಗುತ್ತದೆ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಆರಿದ ಮೇಲೆ ಮತ್ತೆ ಸರಿ. ಆಯಿಲ್ ಬದಲಿಸಿದ್ದರೆ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುವ ಕೆಲಸ ಅದು. ಮೇಷ್ಟ್ರು ದೋಷದ ಹೆಸರು ಹೇಳಿರಲಿಲ್ಲ, ಆದರೆ ದೋಷವನ್ನು ಪೂರ್ತಿ ಹೇಳಿದ್ದರು: ಯಾವಾಗ ಆಗುತ್ತದೆ, ಎಲ್ಲಿ ಆಗುತ್ತದೆ, ಯಾವಾಗ ಹೋಗುತ್ತದೆ. ಆ ಮೂರನ್ನೂ ನಾನು ಎರಡು ಶಬ್ದದ ಅವಸರದಲ್ಲಿ ಅಳಿಸಿಹಾಕಿದ್ದೆ.

ಆದ್ದರಿಂದ ನಿಮ್ಮ 7 ವರ್ಷದ ಕೈಗೆಲಸವೇ ಈ ಟೇಬಲ್ಲಿನಲ್ಲಿ ನಿಮ್ಮ ಬಂಡವಾಳ. ಕಾಲೇಜು ಮುಗಿಸಿ ನೇರವಾಗಿ ಬಂದ ಅಡ್ವೈಸರ್‌ಗೆ "ಕಟಕಟ ಸಪ್ಪಳ ಬರಾಕ್ಹತ್ತೈತ್ರಿ" ಎಂದರೆ ಸಪ್ಪಳವಷ್ಟೇ ಕೇಳಿಸುತ್ತದೆ. ನಿಮಗಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬರುತ್ತದೆಯೋ, ತಗ್ಗು ಇಳಿದಾಗ ಬರುತ್ತದೆಯೋ, ತಣ್ಣಗಿದ್ದಾಗ ಮಾತ್ರ ಬರುತ್ತದೆಯೋ ಎಂಬ ಮರುಪ್ರಶ್ನೆ ತಾನಾಗಿಯೇ ನಾಲಿಗೆಗೆ ಬರುತ್ತದೆ. ದುರ್ಗದಬೈಲಿನ ವ್ಯಾಪಾರಸ್ಥರೊಬ್ಬರ ಬಿಎಸ್ 6 ಡೀಸೆಲ್ ಗಾಡಿಯಲ್ಲಿ ಹೊಗೆ ಸೋಸುವ ಫಿಲ್ಟರಿನ ದೀಪ ಪದೇ ಪದೇ ಹತ್ತುತ್ತಿದ್ದರೆ, ಸ್ಕ್ಯಾನರ್ ಹಚ್ಚುವ ಮೊದಲು ಅವರು ದಿನಾಲೂ ಎಲ್ಲಿಂದ ಎಲ್ಲಿಗೆ ಓಡಿಸುತ್ತಾರೆ ಎಂದು ಕೇಳಬೇಕೆಂಬುದು ನಿಮಗೆ ಹೊಳೆಯುತ್ತದೆ. ಅಂಗಡಿಯಿಂದ ಅಮರಗೋಳದ ಎಪಿಎಂಸಿ, ಅಲ್ಲಿಂದ ಮರಳಿ ಅಂಗಡಿ ಎಂದಾದರೆ, ಹೊಗೆಯ ಮಸಿ ಸುಟ್ಟುಹೋಗುವಷ್ಟು ಕಾವು ಆ ಫಿಲ್ಟರಿಗೆ ಸಿಗುವುದೇ ಇಲ್ಲ. ಆಗಾಗ ಹಾವೇರಿ ರಸ್ತೆಯಲ್ಲಿ ಒಂದು ವೇಗದಲ್ಲಿ ಸ್ವಲ್ಪ ದೂರ ಓಡಿಸಿ ಬನ್ನಿ ಎಂದು ಹೇಳುವುದೇ ಅವರಿಗೆ ನೀವು ಮಾಡುವ ರಿಪೇರಿ. ಇದಕ್ಕೆ ಬಿಲ್ ಆಗುವುದಿಲ್ಲ, ನಿಜ. ಆದರೆ ಅವರ ಮುಂದಿನ ಗಾಡಿಯೂ ನಿಮ್ಮ ಹೆಸರು ಕೇಳಿಕೊಂಡು ಬರುತ್ತದೆ.

ಇಂಗ್ಲಿಷಿನ ಚಿಂತೆ ಬಿಡಿ. ಪರದೆಯ ಮೇಲಿನ ಇಂಗ್ಲಿಷ್ ಓದಿ, ಭಾಗಗಳ ಹೆಸರನ್ನೂ ದೂರನ್ನೂ ತಪ್ಪಿಲ್ಲದೆ ಟೈಪ್ ಮಾಡಲು ಬಂದರೆ ಸಾಕು. ಅದು ಎರಡು ತಿಂಗಳ ಅಭ್ಯಾಸ. ಮಾತಿಗೆ ಬೇಕಾದದ್ದು ಬೇರೆ. ಹುಬ್ಬಳ್ಳಿಯ ಕೌಂಟರಿಗೆ ನವಲಗುಂದದ ರೈತರೂ ಬರುತ್ತಾರೆ, ಕಾರವಾರದ ಕೊಂಕಣಿಯವರೂ ಬರುತ್ತಾರೆ, ಹಳೇಹುಬ್ಬಳ್ಳಿಯ ಉರ್ದು ಮಾತಿನವರೂ ಮರಾಠಿ ಮಾತಿನ ವ್ಯಾಪಾರಸ್ಥರೂ ಬರುತ್ತಾರೆ. ಧಾರವಾಡ ಕಡೆಯ ಕನ್ನಡ ಮತ್ತು ಬಳಕೆಯ ಹಿಂದಿ ಇದ್ದವರಿಗೆ ಇಲ್ಲಿ ಎಂದೂ ಮಾತಿನ ಕೊರತೆಯಾಗಿಲ್ಲ.

ಸುಳ್ಳಿನ ಪ್ರಶ್ನೆ ಮಾತ್ರ ಇಷ್ಟು ಹಗುರವಲ್ಲ. ನಿಮ್ಮ ಗೆಳೆಯರು ಪೂರ್ತಿ ತಪ್ಪು ಹೇಳುತ್ತಿಲ್ಲ. ಅಡ್ವೈಸರ್‌ಗೆ ತಿಂಗಳ ಟಾರ್ಗೆಟ್ ಇರುತ್ತದೆ: ಕೂಲಿ ಇಷ್ಟು, ಬಿಡಿಭಾಗ ಇಷ್ಟು, ಅದರ ಮೇಲೆ ಎಸಿ ಕ್ಲೀನಿಂಗ್, ಎಂಜಿನ್ ಡಿಕಾರ್ಬನೈಸಿಂಗ್ (ಒಳಗೆ ಕಟ್ಟಿದ ಮಸಿ ತೆಗೆಯುವುದು), ಬಾಡಿ ಕೋಟಿಂಗ್, ಎಕ್ಸ್‌ಟೆಂಡೆಡ್ ವಾರಂಟಿ ಮುಂತಾದವು ಇಷ್ಟಿಷ್ಟು. ತಿಂಗಳ 25ನೆಯ ತಾರೀಖಿನ ಮೇಲೆ ಈ ಪಟ್ಟಿ ತಲೆಯೊಳಗೇ ಕುಳಿತಿರುತ್ತದೆ. 10,000 ಕಿ.ಮೀ. ಓಡಿದ ಪೆಟ್ರೋಲ್ ಗಾಡಿ ಯಾವ ದೂರೂ ಇಲ್ಲದೆ ಬಂದಿರುವಾಗ ಅದಕ್ಕೆ ಡಿಕಾರ್ಬನೈಸಿಂಗ್ ಮಾಡಿಸಿಕೊಳ್ಳಿ ಎಂದು ಹೇಳುವುದು ನನ್ನ ಮಟ್ಟಿಗೆ ಗಿರಾಕಿಯ ಕಿಸೆಗೆ ಕೈ ಹಾಕಿದಂತೆಯೇ. ಆದರೆ ಸೇರಿಸಿ ಹೇಳುವುದೆಲ್ಲ ಸುಳ್ಳೂ ಅಲ್ಲ. ರೋಣ, ನರಗುಂದದ ಎರೆ ಭೂಮಿಯ ಧೂಳಿನಲ್ಲಿ ಓಡುವ ಗಾಡಿಗೆ ಏರ್ ಫಿಲ್ಟರನ್ನು ಪುಸ್ತಕದ ಲೆಕ್ಕಕ್ಕಿಂತ ಮೊದಲೇ ಬದಲಿಸಬೇಕಾಗುತ್ತದೆ; ಧೂಳಿನ ಪ್ರದೇಶಕ್ಕೆ ಅವಧಿ ಕಡಿಮೆ ಎಂದು ಕಂಪನಿಯ ಪುಸ್ತಕಗಳೇ ಹೇಳುತ್ತವೆ. ವಾರಕ್ಕೊಮ್ಮೆ ಕಾರವಾರದ ಉಪ್ಪುಗಾಳಿಗೆ ಹೋಗಿಬರುವ ಗಾಡಿಗೆ ತಳದ ಕೋಟಿಂಗ್ ಅರ್ಥವುಳ್ಳ ಮಾತು, ಗದುಗಿನ ಒಣಹವೆ ಬಿಟ್ಟು ಹೋಗದ ಗಾಡಿಗೆ ಅಷ್ಟಿಲ್ಲ. ಕೋಟಿಂಗ್ ಒಂದೇ, ಅದರ ದರವೂ ಒಂದೇ. ಒಬ್ಬರಿಗೆ ಅದು ಸಲಹೆ, ಇನ್ನೊಬ್ಬರಿಗೆ ಅದು ಹೇರಿಕೆ. ಯಾರಿಗೆ ಯಾವುದು ಎಂದು ತಿಳಿದು ಹೇಳುವುದಕ್ಕಾಗಿಯೇ ಈ ಹುದ್ದೆಗೆ ಅಡ್ವೈಸರ್ ಎಂಬ ಹೆಸರು ಎಂದು ನಾನು ತಿಳಿದಿದ್ದೇನೆ, ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ ಬೇರೆ ಮಾತು.

ಟೆಕ್ನಿಷಿಯನ್ ಆಗಿದ್ದವನಿಗೆ ಇಲ್ಲಿ ಒಂದು ಅನುಕೂಲವಿದೆ: ಅಳತೆಯಲ್ಲಿ ಮಾತಾಡಲು ಬರುತ್ತದೆ. "ಪ್ಯಾಡ್ ಹೋಗಿದೆ ಸರ್" ಎಂದರೆ ಗಿರಾಕಿಗೆ ಅನುಮಾನ ಬರುತ್ತದೆ, "ಮುಂದಿನ ಪ್ಯಾಡ್ 3 ಮಿ.ಮೀ. ಉಳಿದಿದೆ, ಬನ್ನಿ ತೋರಿಸುತ್ತೇನೆ" ಎಂದರೆ ಬರುವುದಿಲ್ಲ. ಟಯರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಅದು ಕಾನೂನಿನ ಪ್ರಕಾರವೇ ಓಡಿಸಬಾರದ ಟಯರ್. ಅಳೆದು ತೋರಿಸಿದರೆ ಮುಗಿಯಿತು. ತೆಗೆದ ಹಳೆಯ ಭಾಗವನ್ನು ಕೇಳುವ ಮೊದಲೇ ತೋರಿಸಿ. ಅಂದಾಜಿಗಿಂತ ಹೆಚ್ಚಿನ ಕೆಲಸ ಕಂಡುಬಂದರೆ ಫೋನ್ ಮಾಡಿ ಹೇಳಿದ್ದಷ್ಟೇ ಸಾಲದು, ವಾಟ್ಸಾಪಿನಲ್ಲಿ ಮೊತ್ತ ಬರೆದು ಒಪ್ಪಿಗೆ ತರಿಸಿಕೊಂಡ ಮೇಲೆಯೇ ಪಾನಾ ಮುಟ್ಟಲು ಹೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯಲ್ಲಿನ ಕೊರತೆಗೆ ಗಿರಾಕಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಅಲ್ಲಿ ಕೇಳುವ ಮೊದಲ ಕಾಗದಗಳಲ್ಲಿ ನಿಮ್ಮ ಸಹಿಯ ಜಾಬ್ ಕಾರ್ಡ್ ಒಂದು.

ಇನ್ನು ಸಂಬಳ. ನೀವು ಈಗಿನ 17,500ನ್ನು ಹೊಸ 19,000ದ ಜೊತೆ ಹೋಲಿಸುತ್ತಿದ್ದೀರಿ. ಆದರೆ ಮೊದಲನೆಯದು ಕೈಗೆ ಬರುವ ಹಣ, ಎರಡನೆಯದು ಒಟ್ಟು ಸಂಬಳ. ಮೂಲ ವೇತನ 15,000 ಎಂದು ಹಿಡಿದರೆ ಭವಿಷ್ಯ ನಿಧಿಗೆ ಶೇ 12ರಂತೆ 1,800 ರೂಪಾಯಿ, ಇಎಸ್‌ಐಗೆ ಶೇ 0.75ರಂತೆ 143 ರೂಪಾಯಿ ಕಳೆದು ಕೈಗೆ ಬರುವುದು 17,057. ಅಂದರೆ ಇನ್ಸೆಂಟಿವ್ ಬರದ ತಿಂಗಳಲ್ಲಿ ನೀವು ಈಗಿನದಕ್ಕಿಂತ ಕಡಿಮೆ ಪಡೆಯುತ್ತೀರಿ. ಇಸ್ತ್ರಿ ಅಂಗಿಯ ಖರ್ಚು ಬೇರೆ. ಓವರ್‌ಟೈಮ್ ಎಂಬುದು ಅಡ್ವೈಸರ್‌ಗಳಿಗೆ ಸಾಮಾನ್ಯವಾಗಿ ಇರುವುದೇ ಇಲ್ಲ. ಸಂಜೆ 8ಕ್ಕೆ ಹೋದರೂ ಸಂಬಳ ಅಷ್ಟೇ. ಆದ್ದರಿಂದ "6,000ದವರೆಗೆ" ಎಂಬ ಮಾತಿನಲ್ಲಿನ "ವರೆಗೆ" ಎಂಬುದನ್ನು ಬಿಡಿಸಿ ಕೇಳಿ. ಈಗಿರುವ ಅಡ್ವೈಸರ್‌ಗಳಿಗೆ ಹೋದ ಆರು ತಿಂಗಳಲ್ಲಿ ನಿಜವಾಗಿ ಎಷ್ಟೆಷ್ಟು ಸಿಕ್ಕಿದೆ? ಲೆಕ್ಕ ಕೂಲಿಯ ಮೇಲೋ, ಬಿಡಿಭಾಗದ ಮೇಲೋ, ಎಸಿ ಕ್ಲೀನಿಂಗ್, ಕೋಟಿಂಗ್ ಮುಂತಾದ ಮೇಲಿನ ಮಾರಾಟದ ಮೇಲೋ? ಗಿರಾಕಿಗಳ ಅಭಿಪ್ರಾಯದ ಅಂಕ ಕಡಿಮೆ ಬಂದರೆ ಇಡೀ ಇನ್ಸೆಂಟಿವ್ ಹೋಗುತ್ತದೆಯೋ, ಒಂದು ಪಾಲು ಹೋಗುತ್ತದೆಯೋ? ಗಿರಾಕಿ ಹಣ ಬಾಕಿ ಇಟ್ಟು ಗಾಡಿ ಒಯ್ದರೆ ಆ ಬಾಕಿಗೆ ಯಾರು ಹೊಣೆ? ಈ ಕೊನೆಯ ಪ್ರಶ್ನೆಯನ್ನು ಮರೆಯಲೇಬೇಡಿ, ಏಕೆಂದರೆ ಕೆಲವೆಡೆ ಅದನ್ನು ಸದ್ದಿಲ್ಲದೆ ಅಡ್ವೈಸರ್‌ನ ತಲೆಗೆ ಕಟ್ಟುತ್ತಾರೆ. ಇನ್ಸೆಂಟಿವ್ ಹೆಚ್ಚಾಗಿ ಮೇಲಿನ ಮಾರಾಟದ ಮೇಲೆಯೇ ನಿಂತಿದೆ ಎಂದಾದರೆ ನಿಮ್ಮ ಗೆಳೆಯರ ಹೆದರಿಕೆ ಆ ವರ್ಕ್‌ಶಾಪಿನ ಮಟ್ಟಿಗೆ ನಿಜವಾಗುತ್ತದೆ, ನೀವು ಎಷ್ಟೇ ಪ್ರಾಮಾಣಿಕರಾಗಿದ್ದರೂ.

ಇನ್ನೊಂದು ವಿಷಯವನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಇಂದು ನಿಮ್ಮ ಜೊತೆ ಡಬ್ಬಿ ಬಿಚ್ಚಿ ಉಣ್ಣುವ ಹುಡುಗರಿಗೆ ನಾಳೆ ನೀವು "ಆಫೀಸಿನವರು" ಆಗುತ್ತೀರಿ. ಗಿರಾಕಿಯ ಮುಂದೆ ಅವರ ತಪ್ಪನ್ನು ನೀವು ಹೊತ್ತುಕೊಳ್ಳಬೇಕು, ಒಳಗೆ ಬಂದು ಗಿರಾಕಿಯ ಅವಸರವನ್ನು ಅವರ ಮೇಲೆ ಹೇರಬೇಕು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ನಿಮಗೆ ಗೊತ್ತಿರುವುದರಿಂದ ನೀವು ಸುಳ್ಳು ಸಮಯ ಕೊಡದಿದ್ದರೆ ಅರ್ಧ ಜಗಳ ಅಲ್ಲಿಯೇ ಕಡಿಮೆಯಾಗುತ್ತದೆ. ಉಳಿದ ಅರ್ಧಕ್ಕೆ ತಾಳ್ಮೆ ಬೇಕು. ಬೈಗುಳ ಕೇಳಿದ ಮೇಲೆ ಮುಂದಿನ ಗಿರಾಕಿಗೆ ನಗುಮುಖದಿಂದ ನಮಸ್ಕಾರ ಹೇಳಲು ನಿಮ್ಮಿಂದ ಆಗುತ್ತದೆಯೇ ಎಂಬುದನ್ನು ನೀವೇ ನೋಡಿಕೊಳ್ಳಬೇಕು. ಇದು ಕಾಗದದಲ್ಲಿ ಕೇಳಿ ತಿಳಿಯುವ ಸಂಗತಿಯಲ್ಲ. ಅದಕ್ಕಾಗಿಯೇ, ಒಪ್ಪಿಗೆ ಹೇಳುವ ಮೊದಲು ಒಂದು ತಿಂಗಳು ಹಿರಿಯ ಅಡ್ವೈಸರ್ ಒಬ್ಬರ ಪಕ್ಕದಲ್ಲಿ ನಿಂತು ಕೆಲಸ ಮಾಡಲು ಅವಕಾಶ ಕೇಳಿ. ಆರು ತಿಂಗಳೊಳಗೆ ಹೊಂದದಿದ್ದರೆ ಈಗಿನ ಸಂಬಳಕ್ಕೇ ಮರಳಿ ಫ್ಲೋರಿಗೆ ಬರಬಹುದು ಎಂಬ ಮಾತನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಒಳ್ಳೆಯ ಟೆಕ್ನಿಷಿಯನ್ ಸಿಗುವುದು ಈಗ ಕಷ್ಟವಾಗಿರುವುದರಿಂದ ನಿಮ್ಮ ಸಾಹೇಬರು ಇದಕ್ಕೆ ಇಲ್ಲ ಎನ್ನಲಾರರು. ಎನ್ನುವುದಾದರೆ, ಅದರಿಂದಲೂ ನಿಮಗೆ ಒಂದು ವಿಷಯ ತಿಳಿದಂತಾಯಿತು.

ಗ್ಯಾರೇಜಿನ ಆಸೆಯನ್ನು ಬಿಡಬೇಡಿ, ಮುಂದಕ್ಕೆ ಹಾಕಿ. ಕೈಗೆಲಸ ಬಲ್ಲ ಇಬ್ಬರು ಸೇರಿ ಹಾಕಿದ ಗ್ಯಾರೇಜುಗಳು ಸೋಲುವುದು ಹೆಚ್ಚಾಗಿ ಕೆಲಸದಲ್ಲಿ ಅಲ್ಲ, ಲೆಕ್ಕದಲ್ಲಿ. ಪರಿಚಯದವರಿಗೆ ಅಂದಾಜು ಹೇಳಲು ಸಂಕೋಚ, ಬಾಕಿ ಕೇಳಲು ಸಂಕೋಚ, ಬಿಲ್ಲಿನಲ್ಲಿ ಜಿಎಸ್‌ಟಿ ಹೇಗೆ ಬರುತ್ತದೆಂದು ತಿಳಿಯದಿರುವುದು. ಎರಡು ವರ್ಷ ಆ ಕೌಂಟರಿನಲ್ಲಿ ನಿಂತರೆ ಈ ಮೂರನ್ನೂ ಬೇರೆಯವರ ದುಡ್ಡಿನಲ್ಲಿ ಕಲಿತಂತಾಗುತ್ತದೆ. ಆದರೆ ತಿಂಗಳಿಗೆ ಒಂದೆರಡು ಸಲವಾದರೂ ಸ್ಕ್ಯಾನರ್ ಹಿಡಿದು ಹುಡುಗರ ಜೊತೆ ನಿಲ್ಲಿ. ಕೈ ಬಿಟ್ಟ ವಿದ್ಯೆ ಈ ಕಸುಬಿನಲ್ಲಿ ಬಹಳ ಬೇಗ ಹಳತಾಗುತ್ತದೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಆಟೊಮೊಬೈಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ವಿದ್ಯುತ್ ಗಾಡಿಗಳು ಬಂದ ಮೇಲೆ ಸರ್ವಿಸ್ ಅಡ್ವೈಸರ್ ಕೆಲಸವೇ ಉಳಿಯುವುದಿಲ್ಲ ಎನ್ನುತ್ತಾರೆ. ನಿಜವೇ? (ಓದುಗ, ಧಾರವಾಡ)

ಉತ್ತರ: ಕೆಲಸ ಉಳಿಯುತ್ತದೆ, ಬಿಲ್ ಸಣ್ಣದಾಗುತ್ತದೆ. ವಿದ್ಯುತ್ ಗಾಡಿಗೆ ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ; ವೇಗ ತಗ್ಗಿಸುವಾಗ ಮೋಟಾರೇ ಹಿಡಿದು ನಿಲ್ಲಿಸುವುದರಿಂದ ಬ್ರೇಕ್ ಪ್ಯಾಡ್ ಸಹ ನಿಧಾನವಾಗಿ ಸವೆಯುತ್ತದೆ. ಟಯರ್, ಅಲೈನ್‌ಮೆಂಟ್, ಸಸ್ಪೆನ್ಷನ್, ಎಸಿ, ಅಪಘಾತದ ರಿಪೇರಿ ಇವು ಹಾಗೆಯೇ ಇರುತ್ತವೆ. ನಮ್ಮ ರಸ್ತೆಗಳ ತಗ್ಗುಗಳು ಗಾಡಿ ಯಾವುದರಿಂದ ಓಡುತ್ತದೆಂದು ನೋಡುವುದಿಲ್ಲ. ಹೊಸದಾಗಿ ಸೇರುವುದು ಪ್ರಶ್ನೆಗಳು. ಚಾರ್ಜ್ ಮಾಡಿದಾಗ ಹೇಳಿದಷ್ಟು ದೂರ ಓಡುವುದಿಲ್ಲ ಎಂದು ಬರುವವರಿಗೆ ಎಸಿ, ವೇಗ, ಭಾರ ಇವುಗಳ ಲೆಕ್ಕ ಬಿಡಿಸಿ ಹೇಳಬೇಕು. ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಟ್ಟಿರುವುದರಿಂದ ಆ ವಾರಂಟಿಯಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಬಾಯಿಪಾಠವಾಗಿರಬೇಕು. ಡಿಪ್ಲೊಮಾ ಮುಗಿದೊಡನೆ ಕೌಂಟರಿಗೆ ಬರಬೇಡಿ. ಒಂದು ವರ್ಷ ಅಪ್ರೆಂಟಿಸ್ ಆಗಿ ಫ್ಲೋರಿನಲ್ಲಿ ನಿಂತು, ಹೈವೋಲ್ಟೇಜ್ ಸುರಕ್ಷತೆಯ ತರಬೇತಿಯನ್ನೂ ಮುಗಿಸಿಕೊಂಡು ಬನ್ನಿ.

ಪ್ರಶ್ನೆ: ಹಾವೇರಿಯವಳು, ಬಿ.ಕಾಂ. ಆಗಿದೆ, ವಯಸ್ಸು 24. ಅಪಘಾತದ ಗಾಡಿಗಳ ವಿಭಾಗಕ್ಕೆ ಅಡ್ವೈಸರ್ ಬೇಕಾಗಿದ್ದಾರೆ ಎಂಬ ಜಾಹೀರಾತು ನೋಡಿದೆ. ಮೆಕ್ಯಾನಿಕ್ ಕೆಲಸ ಏನೂ ತಿಳಿಯದು. ಹೆಣ್ಣುಮಕ್ಕಳು ಈ ಕೆಲಸಕ್ಕೆ ಅರ್ಜಿ ಹಾಕಬಹುದೇ? (ಓದುಗಳು, ಹಾವೇರಿ)

ಉತ್ತರ: ಹಾಕಬಹುದು ತಂಗಿ, ಮತ್ತು ಅಪಘಾತದ ವಿಭಾಗವನ್ನೇ ನೀವು ನೋಡಿದ್ದು ಒಳ್ಳೆಯದಾಯಿತು. ಅಲ್ಲಿನ ಕೆಲಸ ಅರ್ಧ ಗಾಡಿಯದು, ಅರ್ಧ ಕಾಗದದ್ದು. ವಿಮೆಯ ಅರ್ಜಿ, ಆರ್‌ಸಿ, ಲೈಸೆನ್ಸ್, ಫೋಟೊಗಳು, ಸರ್ವೇಯರ್ ಬಂದು ನೋಡಿ ಒಪ್ಪಿಗೆ ಕೊಡುವವರೆಗಿನ ಬೆನ್ನುಹತ್ತುವಿಕೆ, ಕೊನೆಗೆ ವಿಮಾ ಕಂಪನಿ ಎಷ್ಟು ಕೊಟ್ಟಿತು, ಗಿರಾಕಿ ಎಷ್ಟು ಕೊಡಬೇಕು ಎಂಬ ವಿಂಗಡಣೆ, ಇವು ಲೆಕ್ಕ ಓದಿದವರಿಗೆ ಒಗ್ಗುವ ಕೆಲಸ. ಜಗಳ ಹುಟ್ಟುವುದೂ ಅಲ್ಲಿಯೇ. ಒಂದು ಉದಾಹರಣೆ ಹೇಳುತ್ತೇನೆ. 8,000 ರೂಪಾಯಿಯ ಪ್ಲಾಸ್ಟಿಕ್ ಬಂಪರ್ ಒಡೆದಿದೆ ಎಂದುಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಸವಕಳಿ ಶೇ 50. ಆದ್ದರಿಂದ 4,000 ಗಿರಾಕಿಯದೇ. ಅದರ ಮೇಲೆ 1,500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ತೆರಿಗೆಯ ಲೆಕ್ಕ ಬದಿಗಿಟ್ಟರೂ 5,000 ರೂಪಾಯಿ ಅವರ ಕೈಯಿಂದ ಹೋಗುತ್ತದೆ. ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ, ಮೊದಲ ಆರು ತಿಂಗಳು ಏನೂ ಇಲ್ಲದೆ, 10 ವರ್ಷ ದಾಟಿದರೆ ಶೇ 50ರವರೆಗೆ ಏರುತ್ತ ಹೋಗುತ್ತದೆ. ಸವಕಳಿ ಹಿಡಿಯದ ಪಾಲಿಸಿ ಇದ್ದರೆ ಆ ಭಾರ ವಿಮಾ ಕಂಪನಿಯ ಮೇಲೆ. "ಇನ್ಶೂರೆನ್ಸ್ ಐತಿ, ನಾನ್ಯಾಕ ರೊಕ್ಕ ಕೊಡ್ಲಿ" ಎಂದು ಡೆಲಿವರಿಯ ದಿನ ಕೇಳುವವರಿಗೆ ಈ ಲೆಕ್ಕವನ್ನು ಗಾಡಿ ಒಳಗೆ ತೆಗೆದುಕೊಂಡ ದಿನವೇ ಬರೆದು ತೋರಿಸುವ ಅಡ್ವೈಸರ್ ಸಿಕ್ಕರೆ ಯಾವ ಮ್ಯಾನೇಜರ್ ಸಹ ಬಿಡಲಾರರು.

ಗಾಡಿಯ ಕಡೆಯ ಅರ್ಧವನ್ನು ಕಲಿಯಲು ಆರು ತಿಂಗಳು ಹಿಡಿಯುತ್ತದೆ; ಬಿಚ್ಚಿಟ್ಟ ಗಾಡಿಯ ಪಕ್ಕದಲ್ಲಿ ನಿಂತು ಯಾವ ಭಾಗಕ್ಕೆ ಏನು ಹೆಸರು ಎಂದು ಡೆಂಟಿಂಗ್ ಮಿಸ್ತ್ರಿಯನ್ನು ಕೇಳಲು ನಾಚಬೇಡಿ. ಹಾವೇರಿಯಿಂದ ಹುಬ್ಬಳ್ಳಿಗೆ ದಿನಾಲೂ ಬಸ್ಸಿನಲ್ಲಿ ಓಡಾಡುವ ವಿಚಾರವಿದ್ದರೆ ಸಂಜೆಯ ಡೆಲಿವರಿ ಹೊತ್ತೇ ತೊಡಕಾಗುತ್ತದೆ. ಎಷ್ಟು ಗಂಟೆಗೆ ಬಿಡುತ್ತಾರೆ, ತಡವಾದ ದಿನ ಬಸ್ ನಿಲ್ದಾಣದವರೆಗೆ ವ್ಯವಸ್ಥೆ ಇದೆಯೇ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇದೆಯೇ ಎಂಬುದನ್ನು ಸಂದರ್ಶನದಲ್ಲಿಯೇ ಕೇಳಿ, ಸಾಧ್ಯವಾದರೆ ಕಣ್ಣಾರೆ ನೋಡಿ ಬನ್ನಿ. ಹಾವೇರಿ ಅಥವಾ ರಾಣೆಬೆನ್ನೂರಿನಲ್ಲಿಯೇ ಇಂತಹ ಜಾಗ ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆಯಾದರೂ ಮೊದಲ ಎರಡು ವರ್ಷಕ್ಕೆ ಅದೇ ಲೇಸು. ಕಾರು ಓಡಿಸುವ ಲೈಸೆನ್ಸ್ ಇಲ್ಲದಿದ್ದರೆ ಈ ವಾರವೇ ಕಲಿಕೆ ಲೈಸೆನ್ಸಿಗೆ ಅರ್ಜಿ ಹಾಕಿ. ಅದು ಸಿಕ್ಕ ಮೇಲೆ ಪರೀಕ್ಷೆಗೆ 30 ದಿನ ಕಾಯಬೇಕಾಗುತ್ತದೆ, ಮತ್ತು ರಿಪೇರಿಯಾದ ಗಾಡಿಯನ್ನು ಒಂದು ಸುತ್ತು ತಾನೇ ಓಡಿಸಿ ನೋಡಲಾಗದ ಅಡ್ವೈಸರ್ ಬೇರೆಯವರ ಮಾತಿನ ಮೇಲೆ ಸಹಿ ಹಾಕಬೇಕಾಗುತ್ತದೆ.